ಮನೆಯವಳ ಕೋಣೆ

ಅಮ್ಮಾ,

ನೀನಿಲ್ಲದಿದ್ದರೂ ಇದನ್ನು ನಿನಗೇ ಹೇಳಬೇಕು. ಈ ಮಹಾನಗರದಲ್ಲಿ ಬಡವರಿಗೂ ಉಳ್ಳವರಿಗೂ ಎಷ್ಟು ಅಂತರವಿದೆ ಎಂದು ಅಳೆಯುವ ಸಮೀಕ್ಷೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಇವತ್ತು ಒಂದು ದೊಡ್ಡ ಬಂಗಲೆಗೆ ಹೋಗಿದ್ದೆ. ಅಲ್ಲೇ ಉಳಿದು ಕೆಲಸ ಮಾಡುವ ಹೆಂಗಸನ್ನು ತೋರಿಸಿ ಯಜಮಾನಿ, "ಇವಳು ಆಳಲ್ಲ, ನಮ್ಮ ಮನೆಯವಳೇ ಅಂತ ಬರ್ಕೊಳ್ಳಿ" ಎಂದರು.

"ಹಾಗಾದ್ರೆ ಇವರು ಮಲಗೋ ಕೋಣೆ ಯಾವುದು?" ಎಂದೆ. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಅದು. ಯಜಮಾನಿ ಫೋನ್ ಬಂತೆಂದು ಒಳಗೆ ಹೋದರು. ಆ ಹೆಂಗಸು ನನ್ನನ್ನು ಮೆಟ್ಟಿಲ ಕೆಳಗೆ ಕರೆದೊಯ್ದಳು. ನೀರಿನ ಪಂಪಿನ ಪಕ್ಕ ಅವಳ ಹಾಸಿಗೆ ಸುತ್ತಿಟ್ಟಿತ್ತು. ಬರೆಯಹೊರಟ ನನ್ನ ಕೈಯನ್ನು ಅವಳು ಹಿಡಿದಳು.

"ಇದನ್ನ ಬರೀಬೇಡಮ್ಮ. ನನಗೊಂದು ರೂಮು ಕೊಟ್ಟಿದ್ದಾರೆ ಅಂತ ಮಗಳ ಹತ್ರ ಹೇಳಿದ್ದೀನಿ."

"ಹೆಸರು ಹಾಕಲ್ಲಮ್ಮ, ಯಾರಿಗೂ ಗೊತ್ತಾಗಲ್ಲ" ಎಂದು ಸಮಾಧಾನ ಹೇಳಿ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡೆ. ಅವಳು ಮುಖ ತಿರುಗಿಸಿದಳು. ನಾನು ಗೇಟು ದಾಟಿ ಹೊರಬಂದೆ.

ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ನೀನು ಕೆಲಸಕ್ಕಿದ್ದ ಆ ಮನೆಯಲ್ಲಿ, ತೋಟದ ಕಡೆ ಕಿಟಕಿಯಿರುವ ಕೋಣೆ ಕೊಟ್ಟಿದ್ದಾರೆ ಎನ್ನುತ್ತಿದ್ದೆಯಲ್ಲ. ಆ ಮನೆಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕಿಟಕಿಯಿಂದ ಯಾವ ಹೂವು ಕಾಣುತ್ತದೆ ಎಂದು ಕೇಳಿದಾಗಲೆಲ್ಲ, ನೀನು ಒಂದೊಂದು ಸಲ ಒಂದೊಂದು ಹೂವಿನ ಹೆಸರು ಹೇಳುತ್ತಿದ್ದೆ.