ಬಾಜೂದ ಗ್ವಾಡಿ

ಉದಗೀರ
ಶುಕ್ರವಾರ, ೬ ಜೂನ್ ೨೦೨೫

ಪ್ರೀತಿಯ ರವಿಕಾಂತನಿಗೆ, ಅಕ್ಕನ ಶರಣು.

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೆ? ನಿಲಂಗಾದ ಮನೆಯ ಕೆಲಸದ ಮುಂದೆ ದಿನವಿಡೀ ನಿಂತೇ ಇರುತ್ತೀ ಎಂದು ನಿನ್ನ ಮಗಳು ಪ್ರಣಿತಾ ಹೇಳಿದಳು. ಬೇಕಾದರೆ ಒಂದು ಕುರ್ಚಿ ಹಾಕಿಕೋ, ಆದರೆ ಅಲ್ಲಿಂದ ಏಳಬೇಡ. ಅವಳು ಇಲ್ಲಿ ಹಾಸ್ಟೆಲಿನಲ್ಲಿ ಚೆನ್ನಾಗಿದ್ದಾಳೆ, ಊಟದ ಬಗ್ಗೆ ಮಾತ್ರ ಗೊಣಗುತ್ತಾಳೆ. ನಾಳೆ ಬೆಳಗಿನ ಎಸ್‌ಟಿ ಬಸ್ಸಿಗೆ ಊರಿಗೆ ಬರುತ್ತಾಳಂತೆ, ಅವಳ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಫೋನನ್ನು ನೀನು ಎತ್ತುತ್ತಿಲ್ಲ. ಕಳೆದ ಸಲ ಎತ್ತಿದಾಗ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ: “ಅಕ್ಕಾ, ನಿಂದು ಬಿತ್ತು ಅಂತ ನಂದೂ ಬೀಳ್ಲಿ ಅಂತೀ ಏನು?” ಸಿಟ್ಟು ಬಂತು, ಫೋನು ಇಟ್ಟೆ. ಆಮೇಲೆ ಕೂತು ಯೋಚಿಸಿದೆ, ನನ್ನ ದನಿಯಲ್ಲಿ ಹೊಟ್ಟೆಕಿಚ್ಚು ಇತ್ತೇ ಎಂದು. ಸ್ವಲ್ಪ ಇದ್ದಿರಬೇಕು. ಆದರೆ ನಿನ್ನ ಮನೆಯ ಕೆಲಸದ ಬಗ್ಗೆ ನಾನು ಎಚ್ಚರಿಸಿದ್ದು ಸುಳ್ಳಲ್ಲ.

ನೀನು ಮೊದಲ ಸಲ ಹಳೆಯ ಮನೆ ಕೊಂಡಿದ್ದೀ, ರಿಪೇರಿ ಮಾಡಿಸಿ ಕ್ಲಾಸಿಗೆ ಬರುವ ಹುಡುಗರಿಗೆ ಖೋಲಿ ಬಾಡಿಗೆಗೆ ಕೊಡಬೇಕು ಅಂತ. ನಾನೂ ಇದನ್ನೇ ಯೋಚಿಸಿ ಉದಗೀರದ ಕೋಟೆಯ ಕಡೆಯ ಗಲ್ಲಿಯಲ್ಲಿ ಈ ಮನೆ ಕೊಂಡೆ. ಮೇಲೆ ಮಣ್ಣು ಹಾಸಿದ ಮಾಳಿಗೆಯ ಸೂರು, ಒಳ್ಳೆಯ ಸಾಗವಾನಿ ತೊಲೆ. ನೋಡಿದ ಕೂಡಲೇ ಎಷ್ಟು ಖೋಲಿ ಆಗುತ್ತವೆ ಎಂದು ಎಣಿಸತೊಡಗಿದೆನೇ ಹೊರತು, ಯಾವ ಗೋಡೆ ಯಾವುದನ್ನು ಹೊತ್ತಿದೆ ಎಂದು ಕೇಳಲಿಲ್ಲ. ನಮ್ಮ ತೊಲೆಗಳು ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ಹೋಗುತ್ತವೆ. ಪಕ್ಕದ ಶಿವಗಂಗಾಬಾಯಿಯವರ ತೊಲೆಗಳು ಅಡ್ಡ ಬಂದು ಎರಡೂ ಮನೆಗಳ ನಡುವಿನ ಗೋಡೆಯ ಮೇಲೆ ಕೂರುತ್ತವೆ. ನಮ್ಮ ಒಳಗಿನಿಂದ ನೋಡಿದರೆ ಆ ಗೋಡೆ ಏನನ್ನೂ ಹೊತ್ತಿಲ್ಲ, ಸುಮ್ಮನೆ ನಿಂತಂತೆ ಕಾಣುತ್ತದೆ. ಆ ಬದಿಗೆ ಹೋಗಿ ಒಂದು ಲೋಟ ಚಹಾ ಕುಡಿದಿದ್ದರೆ ಗೊತ್ತಾಗುತ್ತಿತ್ತು. ನೀನು ನಿನ್ನ ಅಕ್ಕಪಕ್ಕದವರ ಮನೆಯೊಳಗೆ ಹೋಗಿದ್ದೀಯಾ? ಹೋಗಿ ತಲೆ ಎತ್ತಿ ನೋಡಿದ್ದೀಯಾ?

ಗುತ್ತೇದಾರ ದಿಗಂಬರನ ಹೆಸರು ನಿನಗೆ ಹೇಳಿದವಳು ನಾನೇ. ಕೆಟ್ಟವನಲ್ಲ ಅಂವಾ. ಒಂದು ಕಡೆ ಕೆಲಸ ಹಿಡಿದು ಇನ್ನೊಂದು ಕಡೆ ಕೈ ಚಾಚುತ್ತಾನೆ, ಅಷ್ಟೇ. ಗೋಡೆ ಕೆಡವಿದ ದಿನ ನಾನು ಉಮರಗಾದಲ್ಲಿ, ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಅವನು ಫೋನು ಮಾಡಿ “ಮೇಡಂ, ಮೋರಿ ದೊಡ್ಡದು ಮಾಡಬೇಕಂದ್ರ ಯಾವ್ದು ತಗೀಲಿ?” ಅಂದ. ನಾನು ತೆಗೆಸಬೇಕೆಂದಿದ್ದದ್ದು ಮೋರಿಯ, ಅಂದರೆ ಬಚ್ಚಲಿನ, ಮಗ್ಗುಲ ಗೋಡೆ, ಇಟ್ಟಿಗೆಯ ಚಿಕ್ಕದು. ನನ್ನ ತಲೆಯಲ್ಲಿ ಅದು ‘ಸೈಡ್ ವಾಲ್’. ಇಂಗ್ಲಿಷಿನಲ್ಲಿ ಯೋಚಿಸಿ ನಮ್ಮ ಮಾತಿನಲ್ಲಿ ಆಡುವ ಚಟ ನನ್ನದು, ನಿನಗೆ ಗೊತ್ತು, ಚಿಕ್ಕವನಿದ್ದಾಗ ನೀನು ಅದಕ್ಕೇ ನನ್ನನ್ನು ಅಣಕಿಸುತ್ತಿದ್ದೆ. “ಬಾಜೂದ ಗ್ವಾಡಿ ತಗೀರಿ” ಅಂದುಬಿಟ್ಟೆ. ಬಾಜೂ ಅಂದರೆ ಬದಿ. ಬಾಜೂದವರು ಅಂದರೆ ನೆರೆಯವರು. ಇಲ್ಲಿ ಬೆಳೆದ ಯಾರಿಗಾದರೂ ಬಾಜೂದ ಗ್ವಾಡಿ ಅಂದರೆ ನೆರೆಮನೆಯ ಕಡೆಯದೇ. ಅವನು ಒಂದು ಸಲ ಕೇಳಿದ, “ಪೂರಾ?” ಅಂತ. ನಾನು “ಪೂರಾ” ಅಂದೆ.

ಅರ್ಧ ಗೋಡೆ ಇಳಿದ ಮೇಲೆ ಆಚೆಯಿಂದ ಶಿವಗಂಗಾಬಾಯಿ ಹಣೆಯ ವಿಭೂತಿಯ ಮೇಲೆ ಧೂಳು ಹೊತ್ತು ಬಂದು, ಕಂಡಿಯಲ್ಲಿ ನಿಂತು ಕೇಳಿದರಂತೆ, “ಯಾಕಪ್ಪಾ, ನಮ್ಮ ಮನಿಗಿ ಹೊಸಾ ಬಾಗಲಾ ಇಡ್ಲಿಕ್ಕತ್ತೀ ಏನು?” ಅಲ್ಲಿಗೆ ಕೆಲಸ ನಿಂತಿತು. ದಿಗಂಬರ ಓಡಾಡಿ ಕಬ್ಬಿಣದ ಜ್ಯಾಕು ತಂದು ಅವರ ತೊಲೆಗಳ ಕೆಳಗೆ ಊರೆಗಂಬವಾಗಿ ಕೊಟ್ಟ, ಗೋಡೆ ತಿರುಗಿ ಕಟ್ಟಿಕೊಡುತ್ತೇನೆ ಅಂದ. ಕಳೆದ ವಾರ ಅವೇ ಜ್ಯಾಕುಗಳನ್ನು ಬಿಚ್ಚಿ ಟೆಂಪೊಗೆ ಹಾಕಿದ. ಅವುಗಳ ಜಾಗದಲ್ಲಿ ಎರಡು ಮರದ ಬಡಿಗೆ ನಿಲ್ಲಿಸಿ, “ನಿಲಂಗಾದ ಸ್ಲ್ಯಾಬ್ ಆಗ್ಲಿ ಮೇಡಂ, ತಂದು ಹಚ್ತೀನಿ. ಅಲ್ಲೀತನಕ ಏನೂ ಆಗಂಗಿಲ್ಲ” ಅಂದ. ನಿಲಂಗಾದ ಸ್ಲ್ಯಾಬ್ ಅಂದರೆ ನಿನ್ನದು. ಈಗ ಕಾಂಕ್ರೀಟು ಸುರಿಯಲು ಹಾಸಿದ ನಿನ್ನ ಹಲಗೆಗಳನ್ನು ಹೊತ್ತು ನಿಂತಿರುವುದು ಆ ಜ್ಯಾಕುಗಳೇ, ರವಿ.

ಉದಗೀರದಲ್ಲಿ ಜ್ಯಾಕು ಬಾಡಿಗೆಗೆ ಕೊಡುವವರ ಬಳಿಯೆಲ್ಲ ಹೋಗಿಬಂದೆ. ಮಳೆಗಾಲ ಹಿಡಿಯುವ ಮೊದಲು ಎಲ್ಲರಿಗೂ ಸ್ಲ್ಯಾಬ್ ಮುಗಿಯಬೇಕು, ಒಂದೂ ಖಾಲಿ ಇಲ್ಲ. ಬೇರೆ ಮಿಸ್ತ್ರಿಗಳನ್ನು ಕರೆತಂದೆ. ಬಂದವರು ಬಾಗಿಲಲ್ಲೇ ನಿಂತು ಮಾಳಿಗೆ ನೋಡಿ, “ಬ್ಯಾರೇದವ್ರು ಕೆಡವಿದ್ದು ನಾವ್ ಮುಟ್ಟಂಗಿಲ್ರೀ ಮೇಡಂ” ಎಂದು ಹೋಗುತ್ತಾರೆ. ನಿನಗೆ ಇದೂ ಗೊತ್ತಿರಲಿ. ಕೆಲಸ ಕೆಟ್ಟ ಮೇಲೆ, ಕೆಡಿಸಿದವನೇ ಬರಬೇಕು. ಅವನನ್ನು ಕಳೆದುಕೊಳ್ಳುವ ಹಾಗೆ ಜಗಳವಾಡಬೇಡ, ಇನ್ನೊಂದು ಕೆಲಸಕ್ಕೆ ಬಿಡಲೂ ಬೇಡ. ನಾನು ಎರಡನ್ನೂ ಮಾಡಿದೆ.

ಶಿವಗಂಗಾಬಾಯಿ ಮನೆ ಬಿಟ್ಟು ಬರುತ್ತಿಲ್ಲ. ಬಡಿಗೆ ನಿಂತಿರುವ ಕೋಣೆಯಲ್ಲೇ ಅವರ ದೇವರ ಜಗಲಿ, ಅಲ್ಲೇ ಲಿಂಗಪೂಜೆ, ಅಲ್ಲೇ ಮಳೆಗಾಲಕ್ಕೆಂದು ಒಣಗಿಸಿಟ್ಟ ಶ್ಯಾವಿಗೆಯ ಡಬ್ಬಿಗಳು. ಮಗಳ ಮನೆ ಎರಡು ಗಲ್ಲಿ ಆಚೆ, ಆಕೆ ಬಂದು ಕರೆದರೂ ಏಳಲಿಲ್ಲ. ನಾನು ಕೈ ಮುಗಿದೆ. ಒಳ್ಳೆಯ ಲಾಡ್ಜಿನಲ್ಲಿ ಇರಿಸುತ್ತೇನೆ ಅಂದೆ. ಆಗ ಆಕೆ ಶಾಂತವಾಗಿ, “ನಾ ಹೊರಗ ಹೋದೆ ಅಂದ್ರ ಮಾಳಗಿ ತಾನಾಗೇ ಬೀಳ್ತದ. ಮತ್ತ ಇಲ್ಲೀ ತನಕ ನಿಮ್ಮ ಹುಡುಗ್ರ ಖೋಲಿ ಆಗ್ತಾವ. ನಂಗ ತಿಳೀತದವ್ವಾ” ಅಂದರು. ಅವರನ್ನು ಎಬ್ಬಿಸುವುದಕ್ಕೇ ನಾನು ಗೋಡೆ ಕೆಡವಿಸಿದೆ ಎಂದು ನಂಬಿದ್ದಾರೆ. ಹಾಗಲ್ಲ ಎಂದು ಯಾವ ಮುಖದಿಂದ ಹೇಳಲಿ? ಈ ಮನೆ ಕೊಳ್ಳುವಾಗ, ಪಕ್ಕದ್ದೂ ಮುಂದೆ ಸಿಕ್ಕರೆ ಚೆನ್ನ ಎಂದು ಒಂದು ಸಲ ಮನಸ್ಸಿಗೆ ಬಂದಿತ್ತು. ಬಂದದ್ದು ಒಂದೇ ಸಲ. ಆದರೂ ಆಕೆಯ ಎದುರು ಕೂತಾಗ ಅದೇ ನೆನಪಾಗುತ್ತದೆ.

ನಿನ್ನೆ ಒಂದು ಜೋರು ಮಳೆ ಬಂದು ಹೋಯಿತು. ಮಣ್ಣಿನ ಮಾಳಿಗೆ ನೀರು ಕುಡಿದರೆ ಎಷ್ಟು ಭಾರವಾಗುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಇವತ್ತು ಒಂದು ಬಡಿಗೆ ಬಾಗಿದೆ. ನಗರಪಾಲಿಕೆಗೂ ಹೋಗಿದ್ದೆ, ಸೋಮವಾರ ಬಂದು ನೋಡುತ್ತಾರಂತೆ.

ನಿನ್ನ ಸ್ಲ್ಯಾಬ್ ಭಾನುವಾರ ಎಂದು ಪ್ರಣಿತಾ ಹೇಳಿದಳು. ಕಾಂಕ್ರೀಟು ಸುರಿದ ಮೇಲೆ ವಾರಗಟ್ಟಲೆ ಆ ಜ್ಯಾಕುಗಳನ್ನು ಯಾರೂ ಮುಟ್ಟಲಾಗದು, ಮುಟ್ಟು ಎಂದು ನಾನೂ ಹೇಳಲಾರೆ. ಸುರಿಯುವ ಮೊದಲು ಮಾತ್ರ ಅವು ಬರಿಯ ಕಬ್ಬಿಣ. ಸಾಮಾನು ಬಂದಿದೆ, ಆಳುಗಳನ್ನು ಗೊತ್ತುಮಾಡಿದ್ದೀ, ಎಲ್ಲ ಗೊತ್ತು. ಆ ಜ್ಯಾಕುಗಳನ್ನು ದಿಗಂಬರನ ಜೊತೆಗೇ ನಾಳೆ, ಶನಿವಾರವೇ, ವಾಪಸು ಕಳಿಸು. ನಿನ್ನ ಮನೆ ಒಂದು ಮಳೆಗಾಲ ಆಕಾಶ ನೋಡಲಿ, ಒಳಗೆ ಯಾರೂ ಮಲಗುವುದಿಲ್ಲ. ನನ್ನನ್ನು ನಂಬದಿದ್ದರೆ ಮಗಳನ್ನು ಕೇಳು, ಅವಳು ಶಿವಗಂಗಾಬಾಯಿಯವರ ಮನೆಯೊಳಗೆ ಹೋಗಿ ನೋಡಿದ್ದಾಳೆ.

ಮನೆಯಲ್ಲಿ ಎಲ್ಲರಿಗೂ ಶರಣು ಹೇಳು. ನಿನ್ನ ಮನೆ ನಿಲ್ಲಲಿ, ನೂರು ವರ್ಷ ನಿಲ್ಲಲಿ. ಹೊಟ್ಟೆಯೊಳಗಿನಿಂದ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಮೀನಲ

ತಾಜಾಕಲಂ: ಪತ್ರ ಮಡಿಚಿದ ಮೇಲೆ ಮೋಡ ಕವಿಯಿತು, ಇನ್ನೊಂದು ಸಲ ಕೇಳಿನೋಡೋಣ ಎಂದು ಹೋದೆ. ಶಿವಗಂಗಾಬಾಯಿ ಬಾಗಿದ ಬಡಿಗೆಯ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದರು. “ಏನೂ ಆಗಂಗಿಲ್ಲ ಅಂದಾನಲ್ಲಾ ನಿನ್ನ ಗುತ್ತೇದಾರ. ಹಂಗಿದ್ರ ನೀನೂ ಇಲ್ಲೇ ಮಲಗ, ನೋಡ್ತೀನಿ” ಅಂದರು. ನನ್ನ ಹಾಸಿಗೆ ತಂದು ಅವರ ಚಾಪೆಯ ಮಗ್ಗುಲಿಗೆ ಹಾಸಿದ್ದೇನೆ. ಈ ನಾಲ್ಕು ಸಾಲನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ, ಮಳೆ ಶುರುವಾಗಿದೆ. ನೀನು ಬಂದರೆ ನಮ್ಮ ಮನೆಯ ಬಾಗಿಲು ಬಡಿಯಬೇಡ, ಅಲ್ಲಿ ಯಾರೂ ಇಲ್ಲ. ನಾನು ಬಾಜೂಕ ಇದ್ದೀನಿ.