ಹೆಂಡಿಯ ಬೆಲೆ

ನ್ಯಾಲ್ಕಲ್,
7 ಜನವರಿ 2025

ಪ್ರೀತಿಯ ಗೌತಮಿ,

ಹೇಗಿದ್ದೀ ಮಗಳೆ? ತಾಂಡೂರಿನ ಆಸ್ಪತ್ರೆಯಲ್ಲಿ ನಿಂತು ನಿಂತು ಕಾಲು ಬಾತಿದ್ದರೆ ಬಿಸಿನೀರಿಗೆ ಉಪ್ಪು ಹಾಕಿ ಅದರಲ್ಲಿ ಇಟ್ಟುಕೋ. ನರ್ಸಮ್ಮನಿಗೆ ಇದನ್ನೂ ನಾನೇ ಹೇಳಬೇಕು ನೋಡು! ನಿಮ್ಮಪ್ಪ ಆರಾಮಾಗಿದ್ದಾರೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದು.

ಹಿತ್ತಲಿನ ಟೊಮೆಟೊ, ಮೆಣಸಿನ ಗಿಡಗಳು ನೆಟ್ಟು ತಿಂಗಳಾದರೂ ಹಳದಿಯಾಗಿಯೇ ಕುಳಿತಿದ್ದವಲ್ಲ, ನಿಮ್ಮಪ್ಪ ಜಹೀರಾಬಾದಿನಿಂದ ಯೂರಿಯಾ ತಂದು ಮುಷ್ಟಿಗಟ್ಟಲೆ ಸುರಿದರು. ಎಲೆಗಳು ಎಮ್ಮೆಕಿವಿಯಷ್ಟು ಅಗಲವಾದವು, ಹೂವು ಮಾತ್ರ ಒಂದೂ ಇಲ್ಲ. ಅಂಗಡಿಯವನು ಹೂವಿಗೆಂದು ಬೇರೊಂದು ಡಬ್ಬಿ ತೋರಿಸಿದನಂತೆ. ಆ ದುಡ್ಡಿಗೆ ವರ್ಷವಿಡೀ ಸಂತೆಯ ಟೊಮೆಟೊ ತಿನ್ನಬಹುದು.

ಆಗ ದೊಡ್ಡಮನೆಯ ರುಕ್ಮಿಣಿಬಾಯಿ ಹೇಳಿಕಳಿಸಿದರು: “ಲಚ್ಚಮ್ಮಾ, ನಮ್ಮ ಕೊಟ್ಟಗ್ಯಾಗ ಹೆಂಡಿ ಬೇಕಾದಷ್ಟದ. ಪುಕ್ಕಟೆ ಒಯ್ಯಿ. ಎರಡ ದಿನ ಕಸಾ ಹೊಡದು ಹೋಗು, ಅಷ್ಟ.” ಫೋನಿನಲ್ಲಿ ಹೇಳಿದಾಗ ನಿನಗೂ ಅದು ಪುಕ್ಕಟೆಯೇ ಅನ್ನಿಸಿತು. ನಮ್ಮೂರಲ್ಲಿ ಸಗಣಿ-ಹೆಂಡಿಗೆ ದುಡ್ಡು ಕೇಳುವವರಿಲ್ಲ, ನಿಜ. ಕೊಟ್ಟಿಗೆ ಗುಡಿಸಿದವರಿಗೆ ಬುಟ್ಟಿ ಹೆಂಡಿ, ಅದೇ ರಿವಾಜು. ಆ ರಿವಾಜಿನಲ್ಲೇ ನನ್ನ ಹದಿನೆಂಟು ವರ್ಷ ಹೋದವು. ನಲವತ್ತು ದಿನದ ಕೂಸಾದ ನಿನ್ನನ್ನು ಅಲ್ಲಿಯೇ ಮೂಲೆಯಲ್ಲಿ ಬುಟ್ಟಿಯೊಳಗೆ ಮಲಗಿಸಿ ಗುಡಿಸುತ್ತಿದ್ದೆ. ನೀನು ಅತ್ತಾಗ ಕೈ ತೊಳೆದು ಎತ್ತಿಕೊಳ್ಳುವಷ್ಟರಲ್ಲಿ “ಕೆಲಸಾ ಮೊದ್ಲು ಮುಗಸು” ಅಂತ ಒಳಗಿಂದ ಕೂಗು. ರುಕ್ಮಿಣಿಬಾಯಿ ಕೆಟ್ಟವರಲ್ಲ, ಹಬ್ಬಕ್ಕೆ ಹೋಳಿಗೆ ಕೊಟ್ಟವರು. ಆದರೂ ಆ ಅಂಗಳದಲ್ಲಿ ನಾನು ಇನ್ನು ಬೆನ್ನು ಬಗ್ಗಿಸುವುದಿಲ್ಲ. ಗಿಡ ಒಣಗಿದರೆ ಒಣಗಲಿ ಅಂದೆ.

ಒಣಗಲಿಲ್ಲ ನೋಡು! ನಮ್ಮ ಎರಡು ಆಡುಗಳ ಹಿಕ್ಕೆ, ತೊಗರಿ ಹೊಟ್ಟು, ಅಡುಗೆಮನೆಯ ಸಿಪ್ಪೆ ಎಲ್ಲ ಮಳೆಗಾಲದಿಂದ ಹಿತ್ತಲ ಗುಂಡಿಯಲ್ಲಿ ಬಿದ್ದಿತ್ತು. ಒದ್ದೆ ಗೋಣಿಚೀಲ ಹೊದಿಸಿ, ವಾರಕ್ಕೊಮ್ಮೆ ತಿರುವಿ ಕಪ್ಪು ಮಣ್ಣಿನಂತೆ ಮಾಡಿದೆ. ಗಿಡಕ್ಕೆ ಎರಡು ಬೊಗಸೆ ಹಾಕಿದೆ, ಒಂದು ಪೈಸೆ ಖರ್ಚಿಲ್ಲ. “ಆಡಿನ ಹಿಕ್ಕಿಲೆ ಟಮಾಟಿ ಆಗ್ತಾವೇನ?” ಎಂದು ನಿಮ್ಮಪ್ಪ ನಕ್ಕರು. ಮೊದಲ ಹಣ್ಣು ಉಪ್ಪು ಹಚ್ಚಿಕೊಂಡು ತಿಂದವರೂ ಅವರೇ. ಮೆಣಸಿನ ಗಿಡ ಈಗಷ್ಟೇ ಹೂವು ಬಿಟ್ಟಿದೆ.

ನಿನ್ನ ಕೈಗುಣ ಚೆನ್ನಾಗಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಜೈಭೀಮ್.

ನಿನ್ನ ಅವ್ವ,
ಲಚ್ಚಮ್ಮ

ಮರೆತಿದ್ದೆ: ಸಂಕ್ರಾಂತಿ ರಜೆಗೆ ಬಂದಾಗ ನನ್ನ ಬದಲು ನೀನೇ ಎರಡು ದಿನ ಆ ಕೊಟ್ಟಿಗೆ ಗುಡಿಸುತ್ತೀಯೆಂದು ರುಕ್ಮಿಣಿಬಾಯಿಗೆ ಫೋನಿನಲ್ಲಿ ಮಾತು ಕೊಟ್ಟೆಯಂತೆ. ನನ್ನ ಮೇಲಿನ ಪ್ರೀತಿಗೇ ಕೊಟ್ಟಿದ್ದೀ, ಗೊತ್ತು. ಆದರೂ ಹೋಗಕೂಡದು. ಅವರಿಗೆ ನಾನೇ ಹೋಗಿ ಹೇಳಿಬಂದೆ, ನಿಂತುಕೊಂಡೇ ಹೇಳಿದೆ. ನಮ್ಮ ಬಾಗಿಲ ಹಿಂದೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಆ ಕೊಟ್ಟಿಗೆಯ ಕಸಬರಿಗೆ ಇವತ್ತು ಬೆಳಿಗ್ಗೆ ಒಲೆಗೆ ಹೋಯಿತು. ಬೂದಿ ಮೆಣಸಿನ ಗಿಡದ ಬುಡದಲ್ಲಿದೆ, ಬಂದಾಗ ನೋಡು.