ಗ್ರೋಸರಿ ಚೀಲದೊಳಗಿನ ಚಪ್ಪಲಿ

ಅಪ್ಪಾ,

ಮೇಲಿನ ಮನೆಯ ಕಿಮೂರಾ ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಆಗಲೂ ಇರಲಿಲ್ಲ. ಹೇಳಿದವರು ಸ್ವತಃ ಅವರೇ. ಹೇಳಿದ್ದು ಹೋದ ಶನಿವಾರ ಮಧ್ಯಾಹ್ನ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಬಟ್ಟೆ ಒಗೆಯುವ ಕೋಣೆಯಲ್ಲಿ. ಕೇಳಿಸಿಕೊಂಡವಳು ನಾನು. ಎರಡು ಡ್ರೈಯರುಗಳು ಗುಡುಗುಡು ತಿರುಗುತ್ತಿದ್ದವು, ಆದರೂ ಅವರ ಮಾತಿನಲ್ಲಿ ಒಂದಕ್ಷರವೂ ನನಗೆ ತಪ್ಪಲಿಲ್ಲ. ಸುದ್ದಿ ಖಚಿತ.

ಹೀಗೆ ಶುರುಮಾಡಿದ್ದು ನಿನಗೆ ಸರಿ ಅನ್ನಿಸಬೇಕು. ಶಾಲೆಯಿಂದ ಓಡಿ ಬಂದು ನಾನು ಏನಾದರೂ ಹೇಳಲು ಹೊರಟರೆ ನೀನು ತಡೆಯುತ್ತಿದ್ದೆ. "ಮದಲ ಏನಾತು ಹೇಳು. ಆಮ್ಯಾಲ ಯಾರು ಹೇಳಿದ್ರು ಹೇಳು. ನಿನಗೇನ ಅನ್ನಿಸ್ತು ಅನ್ನೂದು ಕಡೀಕಿರಲಿ." ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿ ಪೇಪರ್ ಏಜೆಂಟನಾಗಿದ್ದವನ ಮಗಳಿಗೆ ಬೇರೆ ರೀತಿ ಬರೆಯಲು ಬರುವುದೂ ಇಲ್ಲ. ಈಗಲೂ ನನ್ನ ಕೆಲಸ ಪೇಪರುಗಳ ನಡುವೆಯೇ. ಬೆಳಿಗ್ಗೆ ಸೇತುವೆ ದಾಟಿ ಹೇವರ್ಡಿಗೆ ಹೋಗಿ, ಯೂನಿವರ್ಸಿಟಿ ಲೈಬ್ರರಿಯಲ್ಲಿ ಆ ದಿನದ ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ ತೂಗುಹಾಕುತ್ತೇನೆ. ನೀನು ಬಂದಾಗ ಒಂದು ದಿನ ನನ್ನ ಜೊತೆ ಬಂದು ನೋಡಿ, "ಮಡಚಾಕ ಬರಂಗಿಲ್ಲ ಇವರಿಗೆ" ಅಂದಿದ್ದೆ.

ಬಸ್ ಸ್ಟ್ಯಾಂಡಿನ ಎದುರಿನ ಕಟ್ಟೆಯ ಮೇಲೆ ನಾವು ಪೇಪರು ಜೋಡಿಸುತ್ತಿದ್ದ ಬೆಳಗುಗಳು ನೆನಪಿವೆಯೇ? ನೀನು ಚಪ್ಪಲಿಯನ್ನು ದೂರ, ಗೋಡೆಯ ಬುಡದಲ್ಲಿ ಬಿಟ್ಟು ಬರುತ್ತಿದ್ದೆ. ಪೇಪರಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅದು ಎಲ್ಲರ ಮನೆಯ ಮಾತು. ನಮ್ಮ ಮನೆಯಲ್ಲಿ ಇನ್ನೊಂದಿತ್ತು: ಅಪ್ಪನ ಚಪ್ಪಲಿ ಯಾರೂ ಮುಟ್ಟಬಾರದು. ಕಸ ಗುಡಿಸುವಾಗ ಅವ್ವ ಕೂಡ ಅದನ್ನು ಸುತ್ತಿಕೊಂಡು ಗುಡಿಸುತ್ತಿದ್ದಳು. ಯಾಕೆ ಎಂದು ನೀನು ಹೇಳಿದ್ದು ಒಂದೇ ಸಲ, ನಾನು ಕಾಲೇಜಿಗೆ ಬಂದ ಮೇಲೆ. ನಿನ್ನ ಮದುವೆಗೆ ಮುಂಚೆ, ನೀನು ಪೇಪರು ಹಾಕುತ್ತಿದ್ದ ಲೈನಿನಲ್ಲಿ ಒಬ್ಬ ಸಾವ್ಕಾರನ ಮನೆಯಿತ್ತು. ಪೇಪರು ಕೊಡುವ ಮೊದಲು ಅವನ ಜೋಡನ್ನು ಬಿಸಿಲಿನಿಂದ ನೆರಳಿಗೆ ಎತ್ತಿಡಬೇಕಿತ್ತು. ದಿನಾ. ಕೈಯಿಂದಲೇ. "ಅಂವಾ ನನ್ನ ಹೆಸರೂ ಕೇಳಲಿಲ್ಲ" ಅಂದಿದ್ದೆ. ಅಷ್ಟೇ ಹೇಳಿ ಕನ್ನಡಕ ಒರೆಸಿಕೊಂಡು ಪೇಪರಿಗೆ ಮುಖ ಕೊಟ್ಟೆ.

ಇದೆಲ್ಲ ಜಪಾನಿನಿಂದ ಬಂದ ಕಿಮೂರಾ ಅವರಿಗೆ ಹೇಗೆ ಗೊತ್ತಿರಬೇಕು?

ಅವರ ಮನೆಗೆ ನಾವು ಮೊದಲು ಚಹಾಕ್ಕೆ ಹೋದದ್ದು ನೀನು ಅಮೆರಿಕಕ್ಕೆ, ನಮ್ಮ ಸ್ಯಾನ್ ಮಟಿಯೋಗೆ ಬಂದ ಎರಡನೇ ವಾರ. ನಮ್ಮ ಸಹನಾ, ಅವರ ಮಗಳು ಅಯಾ ಒಂದೇ ಕ್ಲಾಸು, ಒಂದೇ ವಯಸ್ಸು, ಒಂದೇ ಹಲ್ಲು ಬಿದ್ದಿತ್ತು. ನಾವು ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ನಿನಗೆ ಬಹಳ ಖುಷಿಯಾಗಿತ್ತು. "ನೋಡವಾ, ನಮ್ಮಂಗ ಹೊರಗ ಬಿಡ್ತಾರ. ಅಳಿಯಂದಿರ ದೋಸ್ತರು ಬೂಟು ಹಾಕ್ಕೊಂಡು ಹಾಸಿಗಿಮಟ ಬರ್ತಾರ." ಚಹಾ ಕೊಟ್ಟು ಅವರು ಮೆಲ್ಲಗೆ ಬಾಗಿಲಿಗೆ ಹೋದರು. ಮೊಣಕಾಲೂರಿ ಕೂತರು. ನನ್ನ ಚಪ್ಪಲಿಯ ತುದಿ ಹೊರಗಡೆ ಬರುವಂತೆ ತಿರುಗಿಸಿಟ್ಟರು. ಸಹನಾಳದ್ದು ಇಟ್ಟರು. ಆಮೇಲೆ ನಿನ್ನದಕ್ಕೆ ಕೈ ಹಾಕಿದರು.

ನೀನು ಕಪ್ಪು ಕೆಳಗಿಟ್ಟದ್ದು ನಾನು ನೋಡಲಿಲ್ಲ, ನೋಡುವಾಗ ನೀನಾಗಲೇ ಬಾಗಿಲ ಬಳಿ ಇದ್ದೆ. "ಏ ತಂಗೀ, ಬ್ಯಾಡ ಬ್ಯಾಡ! ಬಿಡವಾ! ಪಾಪ ಹತ್ತತೈತಿ ನನಗ!" ಎಂದು ಅವರ ಕೈಯಿಂದ ಚಪ್ಪಲಿ ಕಸಿದುಕೊಂಡು ಎದೆಗವಚಿಕೊಂಡಿದ್ದೆ. ಅವರು ಕೂತಲ್ಲೇ ಎರಡೂ ಕೈ ಮೇಲೆತ್ತಿ ನಿಶ್ಚಲವಾದರು. ನೀನು ನನ್ನ ಕಡೆ ತಿರುಗಿದೆ. "ಸುಮಾ, ಆಕಿಗೆ ಹೇಳು. ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು: "ಏನಿಲ್ಲ, ಅವರಿಗೆ ವಯಸ್ಸಾಗಿದೆ."

ನಿನ್ನ ಮಾತಿನ ಒಂದು ಪದವೂ ಅದರಲ್ಲಿರಲಿಲ್ಲ. ಸಾವ್ಕಾರನ ಕತೆಯನ್ನು ಚಹಾದ ಟೇಬಲ್ಲಿನ ಮೇಲೆ ಹೇಗೆ ಬಿಚ್ಚುವುದು ಎಂದು ನಾಚಿಕೆಯಾಗಿತ್ತು. ತಪ್ಪು ವರದಿ ಕೊಟ್ಟವಳು ನಾನು, ತಿದ್ದುಪಡಿ ಹಾಕದವಳೂ ನಾನೇ. ಆಮೇಲೆ ಮೆಟ್ಟಿಲಿಳಿಯುವಾಗ ನೀನು ಕೇಳಿದೆಯಲ್ಲ, "ಪೂರಾ ಹೇಳಿದೇನ?" ಅಂತ. ಹೂಂ ಅಂದೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಎರಡನೆಯ ಸಲ ಕರೆದಾಗ ನೀನೊಂದು ಉಪಾಯ ಮಾಡಿದೆ. ಅವರ ಬಾಗಿಲಿನ ಬೆಲ್ಲು ಒತ್ತುವ ಮೊದಲೇ ಮೆಟ್ಟಿಲ ಬಳಿ ಚಪ್ಪಲಿ ಕಳಚಿ, ಅಡುಗೆಮನೆಯಿಂದ ತಂದಿದ್ದ ಬಿಳಿಯ ಗ್ರೋಸರಿ ಚೀಲದೊಳಗೆ ಹಾಕಿಕೊಂಡೆ. ಹಳೇ ಪೇಪರಿನಲ್ಲಿ ಸುತ್ತಿಕೋ ಎಂದು ನಾನು ಹೇಳಿದ್ದಕ್ಕೆ ಎಷ್ಟು ಬೈದೆ! "ಪೇಪರಿನ್ಯಾಗ ಚಪ್ಪಲಿ ಸುತ್ತಂತಿ? ಇಲ್ಲಿಗೆ ಬಂದು ಬುದ್ಧಿ ಎಲ್ಲಿಟ್ಟಿ?" ಬಾಗಿಲು ತೆರೆಯಿತು. ಬರಿಗಾಲಲ್ಲಿ, ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ನಿಂತಿದ್ದೆ ನೀನು. ಅವರು ಸೊಂಟದಿಂದ ಬಗ್ಗಿ ನಮಸ್ಕರಿಸಿದರು. ನೀನೂ ಬಗ್ಗಿದೆ. ಅವರು ಇನ್ನೂ ಬಗ್ಗಿದರು. ಒಳಗೆ ಕೂತಾಗ ಚೀಲ ತೊಡೆಯ ಮೇಲಿತ್ತು.

"ಅಜ್ಜಾ, ವೈ ಆರ್ ಯು ಹೋಲ್ಡಿಂಗ್ ಯುವರ್..." ಎಂದು ಸಹನಾ ಶುರುಮಾಡಿದಳು. ನಾನು ಅವಳ ತೊಡೆ ಚಿವುಟಿದೆ. ಅವತ್ತು ಕಿಮೂರಾ ಅವರು ಯಾಕೋ ಪದೇಪದೇ ಅಡುಗೆಮನೆಗೆ ಹೋಗಿ ಬರುತ್ತಿದ್ದರು. ಬಂದಾಗಲೆಲ್ಲ ಟೇಬಲ್ಲಿನ ಮೇಲೊಮ್ಮೆ ಕಣ್ಣು ಹಾಯಿಸುತ್ತಿದ್ದರು. ಚೀಲದ ಕಡೆ ಮಾತ್ರ ನೋಡುತ್ತಿರಲಿಲ್ಲ. ಒಂದು ಗಂಟೆ ಹಾಗೇ ಕಳೆಯಿತು. ನಾವೆದ್ದೆವು, ಚೀಲವೂ ಎದ್ದಿತು. ಕೆಳಗೆ ಬಂದು ನೀನು, "ಈ ಸಲ ಆಕಿ ಕೈಗೆ ಸಿಗಲಿಲ್ಲ ನೋಡು" ಎಂದು ಗೆದ್ದವನಂತೆ ಚಪ್ಪಲಿ ಮೆಟ್ಟಿಕೊಂಡೆ.

ಮೂರನೆಯ ಸಲ ಅವರು ಕರೆಯಲಿಲ್ಲ. ನೀನು ಸೆಪ್ಟೆಂಬರಿನಲ್ಲಿ ಊರಿಗೆ ಹೊರಟೆ. ಅಳಿಯ ಕೊಡಿಸಿದ ಬೂಟು ಹಾಕಿಕೊಂಡು ವಿಮಾನ ಹತ್ತಿದೆ, ಚಪ್ಪಲಿ ಮುಂದಿನ ಸಲಕ್ಕಿರಲಿ ಎಂದು ನಮ್ಮ ಬಾಗಿಲಲ್ಲೇ ಬಿಟ್ಟೆ. ಅಕ್ಟೋಬರಿನಲ್ಲಿ ಅಯಾಳ ಹುಟ್ಟುಹಬ್ಬಕ್ಕೆ ನಮ್ಮನ್ನು ಕರೆದರು. ಹೊರಡುವಾಗ ಬಾಗಿಲಲ್ಲಿ ನೋಡುತ್ತೇನೆ: ಬಂದವರೆಲ್ಲರ ಶೂಸುಗಳು ಹೊರಮುಖವಾಗಿ, ಗೆರೆ ಎಳೆದಂತೆ. ನಮ್ಮವು ಮೂರು ಜೊತೆ ಮಾತ್ರ ಬಿಟ್ಟಂತೆಯೇ, ಒಳಮುಖವಾಗಿ ಬಿದ್ದಿದ್ದವು. ಮುಟ್ಟಿಯೇ ಇರಲಿಲ್ಲ. ಎಲ್ಲರ ಎದುರು ನಮ್ಮನ್ನು ಬೇರೆ ಇಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಅವರ ಸಿಟ್ಟಿಗೆ ಇದಕ್ಕಿಂತ ಪುರಾವೆ ಬೇಕೇ ಅಂದುಕೊಂಡೆ.

ಪ್ರತಿ ಭಾನುವಾರದ ಫೋನಿನಲ್ಲಿ ನೀನು ಕೇಳುತ್ತಿದ್ದೆ. ಅಣ್ಣನ ಮಕ್ಕಳ ಪರೀಕ್ಷೆ, ಬಾವಿ ನೀರು, ಎಲ್ಲ ಮುಗಿದ ಮೇಲೆ, ಇಡುವ ಮುಂಚೆ: "ಆ ಜಪಾನಿ ಹೆಣ್ಮಗಳು ಸಿಟ್ಟಾಗ್ಯಾಳೇನ?"

"ಗೊತ್ತಿಲ್ಲ ಅಪ್ಪಾ."

"ಗೊತ್ತಿಲ್ಲಂದ್ರ ಕೇಳು. ನನ್ನ ಸಲುವಾಗಿ ಕೇಳು."

ನಾನು ಕೇಳಲಿಲ್ಲ. ಶೂಸಿನ ವಿಷಯ ನಿನಗೂ ಹೇಳಲಿಲ್ಲ. ದೀಪಾವಳಿ ಕಳೆದ ಮೂರನೇ ವಾರ ಅಣ್ಣನ ಫೋನು ಬಂತು. ನಾವು ಮೂವರೂ ಹುಬ್ಬಳ್ಳಿಗೆ ಹೋಗಿ ಬಂದೆವು. ಮೇಲಿನ ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ, ನಾವು ರಜೆಗೆ ಹೋಗಿದ್ದೆವು.

ಇನ್ನು ಹೋದ ಶನಿವಾರದ್ದು. ಇಲ್ಲಿ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿವೆ. "ಹೆಸರಿನ ಹಿಂದ ಡಾಟ್ ಕಾಮ್ ಐತಿ, ಮುಂದ ಏನ ಮಾರ್ತಾರ?" ಎಂದು ನೀನು ಕೇಳುತ್ತಿದ್ದ, ನಿನ್ನ ಅಳಿಯ ಗಿರೀಶನ ಕಂಪನಿಯೂ ಏನನ್ನೂ ಮಾರದೆ ಮುಚ್ಚಿತು. ಚಿಂತೆ ಬೇಡ, ಅವನಿಗೆ ಎಮರಿವಿಲ್‌ನಲ್ಲಿ ಕೆಲಸ ಸಿಕ್ಕಿದೆ. ಕಿಮೂರಾ ಅವರ ಯಜಮಾನರ ಆಫೀಸೂ ಮುಚ್ಚುತ್ತಿದೆ. ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್ಲಿನಲ್ಲಿ, ಅಷ್ಟರೊಳಗೆ ಅಯಾಳನ್ನು ಸೇರಿಸಬೇಕೆಂದು ಮಾರ್ಚಿನಲ್ಲಿ ಹೊರಡುತ್ತಾರಂತೆ. ಊರು ಬಿಡುವ ಮೊದಲು ನೆರೆಯವರ ಹತ್ತಿರ ಹೋಗಿ, ಆದ ತೊಂದರೆಗೆಲ್ಲ ಕ್ಷಮೆ ಕೇಳಿ ಬರುವುದು ಅವರ ಪದ್ಧತಿ. ನಾನು ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದೆ.

"ಸುಮಾ ಸಾನ್, ನಿಮ್ಮ ತಂದೆಯವರ ವಿಳಾಸ ಬೇಕಿತ್ತು. ಕ್ಷಮೆ ಕೇಳಿ ಅವರಿಗೊಂದು ಪತ್ರ ಬರೆಯಬೇಕು."

"ನೀವು? ಕ್ಷಮೆ ಯಾಕೆ?"

"ಅವರ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿದೆನಲ್ಲ. ಹೊರಡಿ ಎಂದು ಹೇಳಿದಂತೆ ಅವರಿಗೆ ಕಂಡಿರಬೇಕು. ಅದಕ್ಕೇ ಎದ್ದುಬಿಟ್ಟರು. ಆಮೇಲೆ ನಿಮ್ಮ ಮನೆಯವರ ಚಪ್ಪಲಿ ಎಂದೂ ತಿರುಗಿಸಲಿಲ್ಲ, ಮತ್ತೆ ನೋವಾಗಬಾರದೆಂದು." ದನಿ ತಗ್ಗಿಸಿದರು. "ಎರಡನೇ ಸಲ ಅವರು ದೊಡ್ಡ ಮನಸ್ಸು ಮಾಡಿ ಉಡುಗೊರೆ ತಂದಿದ್ದರು. ಆದರೆ ಬೇಸರ ಹೋಗಿರಲಿಲ್ಲ. ಕೊಡದೆ ವಾಪಸು ಒಯ್ದರು."

"ಯಾವ ಉಡುಗೊರೆ?"

"ಬಿಳಿ ಚೀಲದಲ್ಲಿತ್ತಲ್ಲ. ನನ್ನೆದುರು ಕೊಡಲು ಸಂಕೋಚವೇನೋ, ಟೇಬಲ್ ಮೇಲೆ ಇಟ್ಟುಬಿಡಲಿ ಎಂದು ನಾನು ಎಷ್ಟು ಸಲ ಅಡುಗೆಮನೆಗೆ ಹೋದೆ!"

ಅಪ್ಪಾ, ನಾನು ಗಿರೀಶನ ಅಂಗಿಯಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ಅವರು ಗಾಬರಿಯಾದರು. "ಚಪ್ಪಲಿ" ಅಂದೆ. "ಅದರಲ್ಲಿ ಅವರ ಚಪ್ಪಲಿ ಇತ್ತು. ನೀವು ಮುಟ್ಟಬಾರದೆಂದು." ಅವರಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಹಿಡಿದ ಕೈ ಸಾಲದೆ ಬಟ್ಟೆ ಬುಟ್ಟಿಯ ಮೇಲೆ ಕೂತು ನಕ್ಕರು. ಬುಟ್ಟಿಯ ಒಂದು ಕಡೆ ಬಿರುಕು ಬಿಟ್ಟಿತು. ಆಗ ನಾನು ಮೊದಲನೇ ದಿನ ಹೇಳಬೇಕಾಗಿದ್ದುದನ್ನು ಹೇಳಿದೆ. ಸಾವ್ಕಾರ, ನೆರಳು, ಪಾಪ ಹತ್ತತೈತಿ ಅಂದದ್ದು, ಎಲ್ಲ. ಪೂರಾ ಹೇಳಿದೆ. ನೀನು ಇಲ್ಲವೆಂಬುದನ್ನೂ ಹೇಳಿದೆ.

ಅವರು ಎದ್ದು ನಿಂತು, ಯಾರ ಕಡೆಗೂ ಅಲ್ಲದೆ, ಬಹಳ ಹೊತ್ತು ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ಅಂದರು: "ನಮ್ಮಲ್ಲಿ ಅದು ಆಳಿನ ಕೆಲಸವಲ್ಲ. ಮನೆಯವರು ಮಾಡುವ ಕೆಲಸ. ಬಂದವರು ಹೋಗುವಾಗ ತಿರುಗಿ ತಡಕಾಡಬಾರದು, ಅಷ್ಟಕ್ಕೆ."

ಅದು ನಿಜವೆಂದು ನಾನು ಬೇರೆ ಕಡೆಯಿಂದಲೂ ಖಾತ್ರಿ ಮಾಡಿಕೊಂಡಿದ್ದೇನೆ. ಮೂಲ: ಸಹನಾ. ಕಿಮೂರಾ ಅವರು ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಜಪಾನೀಸ್ ಕಲಿಸುವ ಕ್ಲಾಸಿಗೆ ಅಯಾ ಕರೆದಳೆಂದು ಈ ವರ್ಷದಿಂದ ಇವಳೂ ಹೋಗುತ್ತಾಳೆ. ಅಲ್ಲಿ ಅಕ್ಷರಕ್ಕಿಂತ ಮೊದಲು ಬರುವ ಪಾಠ ಬಾಗಿಲಿನದು. ಶೂಸು ಬಿಚ್ಚಿ, ಹಿಮ್ಮಡಿಗಳು ಒಂದಕ್ಕೊಂದು ತಾಗುವಂತೆ ಜೋಡಿಸಬೇಕು. ಪಕ್ಕದವರದ್ದು ಓರೆಯಾಗಿದ್ದರೆ ಬೈಯದೆ ಸರಿಮಾಡಬೇಕು. ಪಾಠ ಮುಗಿದ ಮೇಲೆ ಎಲ್ಲರೂ ಸೇರಿ ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು, ಟೀಚರೂ ಕೂಡ.

"ಯಾರ ಶೂಸು ಯಾರು ಇಡಬೇಕು?" ಎಂದು ಕೇಳಿದೆ.

"ಎನಿಬಡಿ ಅಮ್ಮಾ. ಟೀಚರ್ ಶೂಸು ಓರೆ ಇತ್ತು, ಸೋ ಐ ಫಿಕ್ಸ್‌ಡ್ ಇಟ್. ಶಿ ಸೆಡ್ ಥ್ಯಾಂಕ್ ಯೂ."

ಹೆಸರು ಗೊತ್ತಿರುವವರು ಒಬ್ಬರಿಗೊಬ್ಬರು ಮಾಡುವ ಕೆಲಸ. ಆ ಸಾವ್ಕಾರನ ಅಂಗಳದಲ್ಲಿ ಇರದಿದ್ದದ್ದು ಅದೇ ಅಲ್ಲವೇ? ನೀನು ಇದ್ದಿದ್ದರೆ ಏನನ್ನುತ್ತಿದ್ದೆಯೋ... ಬಹುಶಃ "ಇದನ್ನ ಪೇಪರಿನವರು ಮದಲನೇ ಪುಟಕ್ಕ ಹಾಕಬೇಕು" ಅನ್ನುತ್ತಿದ್ದೆ. ಆ ಶನಿವಾರ ಸಂಜೆ ನಮ್ಮ ಬಾಗಿಲಲ್ಲಿ ಸಹನಾ ಎಲ್ಲರದ್ದೂ ಜೋಡಿಸಿದ್ದಳು, ನಿನ್ನ ಹಳೇ ಚಪ್ಪಲಿಯನ್ನೂ ಸೇರಿಸಿ. ಹಿಮ್ಮಡಿ ತಾಗಿಸಿ, ತುದಿ ಹೊರಗಡೆಗೆ. ನಿನ್ನ ನಿಯಮ ನೆನಪಾಯಿತು, ಆದರೂ ಅವನ್ನು ಕದಲಿಸಲಿಲ್ಲ. ಅವು ಇನ್ನೂ ಹಾಗೇ ಇವೆ.

ಕಿಮೂರಾ ಅವರು ಬರೆಯಬೇಕೆಂದಿದ್ದ ಪತ್ರದ ಬದಲು ಇದು. ನೀನು ಕೇಳಿದ ಪ್ರಶ್ನೆಗೆ ಉತ್ತರ ಮೇಲೆ ಮೊದಲ ಸಾಲಿನಲ್ಲಿದೆ.

ಬರುವ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವರು ಮೂವರೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅಣ್ಣ ಕಳಿಸಿದ ಧಾರವಾಡ ಪೇಡೆಯನ್ನು ಬಿಳಿಯ ಗ್ರೋಸರಿ ಚೀಲದಲ್ಲಿ ಹಾಕಿ ಟೇಬಲ್ಲಿನ ಮೇಲೆ ಇಟ್ಟಿರುತ್ತೇನೆ. ಅವರು ಒಳಗೆ ಕೂತ ಮೇಲೆ ಬಾಗಿಲಿಗೆ ಹೋಗಿ, ಮೂರೂ ಜೊತೆಯನ್ನು ಹೊರಮುಖವಾಗಿ ನಾನೇ ತಿರುಗಿಸಿಡುತ್ತೇನೆ.

ನಿನ್ನ ಮಗಳು,
ಸುಮಾ